ಎದ್ದು ನಿಂತ ಹೆಜ್ಜೆ

"ಕೊಂಬು ಹಿಡ್ಕಳಿ ಸಾರ್ಜೆಂಟಮ್ಮಾ, ಕೊಂಬು! ಕಿವಿ ಹಿಡ್ದು ಎಳೆಯೋಕೆ ಅದೇನು ನಿಮ್ಮ ಕಳ್ಳನೇ?"

ಹೆಸ್ಟರ್ ಬೇನ್ಸ್ ಹಿಮದ ಮೇಲೆ ಬೋರಲಾಗಿ ಮಲಗಿ ಎರಡೂ ತೋಳುಗಳನ್ನು ಗುಂಡಿಯೊಳಗೆ ಇಳಿಬಿಟ್ಟಿದ್ದಳು. ಬೆಚ್ಚಗೆ, ಒದ್ದೆಯಾಗಿ ಏನೋ ಬೆರಳಿಗೆ ತಗುಲಿತು. ಕುರಿಯ ಮೂಗು. ಅದರ ಪಕ್ಕದಲ್ಲಿ ಕೊಂಬು ಸಿಕ್ಕಿತು. ಬಿಗಿಯಾಗಿ ಹಿಡಿದಳು. ಕೆಳಗಡೆಯಿಂದ ಐಸಾಕ್ ರೇನ್ ಸಲಿಕೆ ಬಿಸಾಡಿ, ಹೆಗಲು ಕೊಟ್ಟು ನೂಕಿದ.

ಕರಿಮೂತಿಯ ಕುರಿ ಹೊರಗೆ ಬಂತು. ಮೂರು ದಿನ ಹಿಮದೊಳಗೆ ಹೂತುಹೋಗಿದ್ದೆನೆಂಬ ನೆನಪೇ ಇಲ್ಲದಂತೆ ಮೈ ಕೊಡವಿ, ಹೆಸ್ಟರಳ ಮುಖದ ತುಂಬ ಹಿಮ ಎರಚಿ, ತನ್ನ ಪಾಡಿಗೆ ನಡೆದುಬಿಟ್ಟಿತು.

"ಒಂದು ಉಪಕಾರ ಸ್ಮರಣೆನೂ ಇಲ್ವಲ್ಲೋ ಇದಕ್ಕೆ!"

"ನಮ್ಮೂರ ಹೆಂಗಸು. ಬಾಯ್ಬಿಟ್ಟು ಹೇಳಲ್ಲ," ಎಂದ ಐಸಾಕ್. "ಹನ್ನೊಂದು ಕುರಿ ಆಯ್ತು. ಇನ್ನು ನಾಕು."

ಹೆಸ್ಟರ್ ನಕ್ಕಳು. ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಆಸ್ಕ್‌ಬೆಕ್ ಹಳ್ಳಿಗೆ ಅವಳು ಇನ್ನೂ ಸಾರ್ಜೆಂಟಮ್ಮನೇ. ಅರವತ್ಮೂರರ ಮಂಡಿಗಳು ಬೆಳಿಗ್ಗೆಯಿಂದ ಗೊಣಗುತ್ತಿದ್ದವು. ಆದರೆ ಎರಡು ದಿನದ ಗಾಳಿ ನಿಂತು, ಕೋಲ್ಡ್‌ಲಾ ಬೋಳುಗುಡ್ಡದ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಬಿಸಿಲಿಗೆ ಬೆನ್ನು ಕೊಟ್ಟರೆ ಕೋಟಿನೊಳಗೆ ಹಿತವಾದ ಶಾಖ. ಇಂಥ ದಿನ ಮಂಡಿಯ ಮಾತು ಯಾರು ಕೇಳುತ್ತಾರೆ?

ಕೇಳಬೇಕಾದ ಮಾತು ಬೇರೆಯೇ ಇತ್ತು. ಮಂಗಳವಾರ ಈ ಗುಡ್ಡ ಹತ್ತಿ, ಮೇಲಿನ ಕಲ್ಲುಗುಡಿಸಲ ಹತ್ತಿರ ಕಾಲು ಮುರಿದುಕೊಂಡ ಆಂಬ್ರೋಸ್ ಮೇಷ್ಟ್ರು ಈಗ ಆಸ್ಪತ್ರೆಯಲ್ಲಿದ್ದರು. ಅವರ ಬೆನ್ನಿಗಿದ್ದ ಚರ್ಮದ ಕೊಳವೆ, ಅದರೊಳಗಿನ ಹಳೆಯ ನಕಾಶೆಯ ಸಮೇತ, ಮಾಯವಾಗಿತ್ತು.

ಆ ನಕಾಶೆಗೆ ನಕಲಿಲ್ಲ. ಗುಡ್ಡದ ಮೇಲೆ ಊರಿನ ಕುರಿಗಳಿಗೆ ಮೇಯುವ ಹಕ್ಕಿದೆ ಎನ್ನಲು ಇದ್ದ ಒಂದೇ ಸಾಕ್ಷಿ ಅದು. ಸೋಮವಾರ ಹಕ್ಕಿನ ವಿಚಾರಣೆಯಲ್ಲಿ ಕಮಿಷನರ್ ಮುಂದೆ ಅದನ್ನು ಬಿಚ್ಚಿ ತೋರಿಸದಿದ್ದರೆ, ಐಸಾಕನ ಮುನ್ನೂರು ಕುರಿ ಕೆಳಗಿಳಿಯಬೇಕು. ಗುಡ್ಡ ಪೂರ್ತಿ ಬೇಟೆ ಎಸ್ಟೇಟಿನ ಗ್ರೌಸ್ ಹಕ್ಕಿಗಳ ಪಾಲು. ಇವತ್ತು ಶನಿವಾರ.

"ಇಳಿಸಿದ್ರೆ ಮತ್ತೆ ಹತ್ತಿಸ್ಬೋದಲ್ಲ ಅಂತಾರೆ ಪಟ್ಣದೋರು," ಐಸಾಕ್ ಬೆಳಿಗ್ಗೆಯೇ ಹೇಳಿದ್ದ. "ಬೇಲಿ ಇಲ್ಲ, ಏನಿಲ್ಲ, ನನ್ ಕುರಿ ಆ ಹಳ್ಳ ದಾಟಿ ಹೋಗಲ್ಲ. ಯಾಕೆ? ಅವ್ವ ತೋರ್ಸಿರ್ತಾಳೆ. ಅವಳಿಗೆ ಅವಳವ್ವ. ಒಂದ್ಸಲ ಇಳಿಸ್ದೆ ಅಂದ್ರೆ ಆ ಪಾಠ ಮುಗೀತು. ಆಮೇಲೆ ಹೇಳ್ಕೊಡೋರು ಯಾರು, ನಾನಾ?"

ಹೆಸ್ಟರ್ ಎದ್ದು ಮೊಣಕಾಲು ಸಡಿಲಿಸಿದಳು. ಕುರಿದೊಡ್ಡಿಯ ಪಕ್ಕದ ಕಲ್ಲುಗೋಡೆಯ ಈ ಮಗ್ಗುಲಲ್ಲಿ ಹಿಮ ಗೋಡೆಯ ತಲೆಯವರೆಗೂ ಒಟ್ಟಿಕೊಂಡಿತ್ತು. ಗಾಳಿ ಮರೆಯೆಂದು ಕುರಿ ನಿಲ್ಲುವುದು ಇಲ್ಲೇ, ಹೂತುಹೋಗುವುದೂ ಇಲ್ಲೇ. ಅವಳು ಒಟ್ಟಿದ ಹಿಮದ ಮೇಲೆ ಹತ್ತಿ ಗೋಡೆಯಾಚೆ ಇಣುಕಿದಳು.

"ಐಸಾಕ್, ಸಲಿಕೆ ಬಿಟ್ಟು ಬಾರೋ ಇಲ್ಲಿ."

ಗಾಳಿ ಬೀಸಿ ಬಂದ ಆ ಮಗ್ಗುಲಲ್ಲಿ ನೆಲ ಗುಡಿಸಿದಂತಿತ್ತು. ಆ ಬಯಲಿನಲ್ಲಿ, ಗೋಡೆಯುದ್ದಕ್ಕೂ, ಹೆಜ್ಜೆಗಳ ಒಂದು ಸಾಲು. ಹಿಮದಲ್ಲಿ ಹೆಜ್ಜೆ ಎಂದರೆ ಗುಳಿ. ಇವು ಗುಳಿಗಳಲ್ಲ. ಒಂದೊಂದೂ ಗೇಣುದ್ದ ಎದ್ದು ನಿಂತಿತ್ತು, ತವರದ ಅಚ್ಚಿನಿಂದ ಬೋರಲು ಹಾಕಿದ ಕೇಕಿನ ಹಾಗೆ.

ಐಸಾಕ್ ಟೋಪಿ ತೆಗೆದ. ಅವನ ನಾಯಿ ನೆಲ್ ಒಂದು ಹೆಜ್ಜೆಯನ್ನು ಮೂಸಿ, ಬಾಲ ಅಲ್ಲಾಡಿಸಿತು.

"ತುಳಿದ ಹಿಮ ಗಟ್ಟಿ ಆಗಿರ್ತದೆ. ಸುತ್ತಿನ ಪುಡಿನೆಲ್ಲ ಗಾಳಿ ಹೊತ್ಕೊಂಡ್ ಹೋಗ್ತದೆ. ನನ್ ಜೀವಮಾನದಲ್ಲಿ ಇದು ಎರಡನೇ ಸಲ ನೋಡ್ತಿರೋದು."

"ಗಾಳಿ ಶುರುವಾದದ್ದು ಬುಧವಾರ ಬೆಳಿಗ್ಗೆ."

"ಹಂಗಾದ್ರೆ ಇವು ಅದಕ್ಕಿಂತ ಮುಂಚಿನವು. ಮೇಷ್ಟ್ರವೇ."

ಹೆಸ್ಟರ್ ತಲೆಯಾಡಿಸಿದಳು. ಆಸ್ಪತ್ರೆಯ ಹಾಸಿಗೆಯಲ್ಲಿ ಮೇಷ್ಟ್ರು ಅವಳ ಕಣ್ಣು ತಪ್ಪಿಸಿ ಹೇಳಿದ್ದು ನೆನಪಾಯಿತು: ನಾನೊಬ್ಬನೇ ಹೋದದ್ದು ಹೆಸ್ಟರ್, ಕೊಳವೆ ಗಾಳಿಗೆ ಹಾರಿಹೋಯಿತು. ಮಂಗಳವಾರ ಮೇಣದ ಬತ್ತಿ ಆರಿಸುವಷ್ಟೂ ಗಾಳಿ ಇರಲಿಲ್ಲ. ಇಷ್ಟು ಕಾಲ ಮಕ್ಕಳ ಸುಳ್ಳು ಹಿಡಿದ ಮನುಷ್ಯನಿಗೆ ಒಂದು ಸುಳ್ಳು ನೆಟ್ಟಗೆ ಹೇಳಲು ಬಂದಿರಲಿಲ್ಲ.

ಅಂದು ಸಂಜೆ ರಸ್ತೆ ಕೂಡುವಲ್ಲಿನ ಫೋನ್ ಪೆಟ್ಟಿಗೆಯಿಂದ ಯಾರೋ ರಕ್ಷಣಾ ತಂಡಕ್ಕೆ ಕರೆ ಮಾಡಿದ್ದರು. ಹೆಸರು ಹೇಳಿರಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಹಿಡಿದ ಧ್ವನಿ, ಗಂಡೋ ಹೆಣ್ಣೋ ತಿಳಿಯದು. ತಂಡ ಪಶ್ಚಿಮದ ಗಾಡಿದಾರಿಯಿಂದ ಹತ್ತಿದಾಗ ಮೇಷ್ಟ್ರ ಕಾಲಿಗೆ ಅಚ್ಚುಕಟ್ಟಾಗಿ ಕೋಲು ಕಟ್ಟಿತ್ತು, ಮೈಗೆ ಕಂಬಳಿ ಸುತ್ತಿತ್ತು. ಒಬ್ಬರೇ ಇದ್ದರಂತೆ!

"ಆದ್ರೆ ಸಾಲು ಒಂದೇ ಐತಲ್ಲ," ಎಂದ ಐಸಾಕ್.

"ಸಾಲು ಒಂದೇ. ಇದನ್ನ ನೋಡು."

ಸಾಲಿನ ಎಡಕ್ಕೆ, ಒಂದು ಮಾರು ದೂರದಲ್ಲಿ, ತುಳಿದು ಗಟ್ಟಿಯಾದ ಹಿಮ ಅರ್ಧಚಂದ್ರದಂತೆ ಎದ್ದಿತ್ತು. ಯಾರೋ ಸಾಲು ಬಿಟ್ಟು ಪಕ್ಕಕ್ಕೆ ಬಂದು, ಕಾಲು ಬದಲಿಸುತ್ತ ನಿಂತು, ಮತ್ತೆ ಸಾಲಿಗೆ ಸೇರಿದ್ದರು. ಮುಂದೆ ಇನ್ನೊಂದು. ಅದರಾಚೆ ಮತ್ತೊಂದು.

"ದಣಿವಾರಿಸ್ಕಂಡಿರ್ಬೇಕು."

"ದಣಿದವನು ನಿಂತಲ್ಲೇ ನಿಲ್ತಾನೆ ಮಾರಾಯ. ಮೊಣಕಾಲುದ್ದದ ಹಿಮಕ್ಕೆ ತಾನಾಗೇ ಇಳಿದು ನಿಲ್ತಾನಾ? ನಮ್ಮ ನಡಿಗೆ ಸಂಘದಲ್ಲಿ ಮೇಷ್ಟ್ರು ಎಲ್ಲರ ತಲೆಗೂ ಕುಟ್ಟಿದ್ದು ಏನು?"

ಐಸಾಕ್ ಸಂಘದವನಲ್ಲ. ಸುಮ್ಮನೆ ನಡೆಯುವುದಕ್ಕೆ ಗುಡ್ಡ ಹತ್ತುವವರನ್ನು ಕಂಡರೆ ಅವನಿಗೆ ಒಂದಿಷ್ಟು ಕನಿಕರ. ಆದರೂ ಗೊತ್ತಿತ್ತು. "ಮುಂದೆ ಇರೋನು ನೂರು ಹೆಜ್ಜೆ ದಾರಿ ತುಳೀಬೇಕು. ಆಮೇಲೆ ಪಕ್ಕಕ್ಕೆ ಸರಿದು, ಹಿಂದಿನೋರ್ನ ಮುಂದಕ್ಕೆ ಬಿಟ್ಟು, ಬಾಲಕ್ಕೆ ಸೇರ್ಕೋಬೇಕು."

"ಮುಂದಕ್ಕೆ ಬಿಡೋಕೆ ಹಿಂದೆ ಯಾರಾದ್ರೂ ಇರಬೇಕಲ್ಲ?"

ಮೇಷ್ಟ್ರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ಇನ್ನೊಬ್ಬರು ಹತ್ತಿದ್ದರು. ಇಳಿದದ್ದು ಪಶ್ಚಿಮದ ಗಾಡಿದಾರಿಯಲ್ಲಿ. ಆ ಹೆಜ್ಜೆಗಳನ್ನು ರಕ್ಷಣಾ ತಂಡವೇ ತುಳಿದು ಅಳಿಸಿತ್ತು.

"ಗ್ಯಾಸ್ಕಿನ್!" ಐಸಾಕ್ ಸಲಿಕೆಯನ್ನು ಹಿಮಕ್ಕೆ ಚುಚ್ಚಿದ. "ಎಸ್ಟೇಟಿನ ಆ ಮ್ಯಾನೇಜರ್ ನನ್ಮಗನೇ! ನಡೀರಿ ಗುಡಿಸಲಿಗೆ. ಉಳಿದ ನಾಕು ಹಿಮದಡಿ ಬೆಚ್ಚಗವೆ, ಬಂದು ತೆಗೀತೀನಿ."

"ಮೊದಲು ಹೊಟ್ಟೆಗೆ," ಎಂದಳು ಹೆಸ್ಟರ್.

ಗೋಡೆಯ ಮೇಲೆ ಕುಳಿತು ಚೀಲ ಬಿಚ್ಚಿದಳು. ಹಂದಿಮಾಂಸದ ಪೈ, ಹಣ್ಣಿನ ಕೇಕು, ಕೇಕಿನ ಮೇಲೆ ದಪ್ಪನೆ ಚೀಸು. ಚಹಾ ಅಂಗಡಿಯ ಡಾರ್ಕಸ್ ಪೀಲ್ ಕಟ್ಟಿಕೊಟ್ಟದ್ದು. ಮೂವತ್ತು ವರ್ಷದಿಂದ ಹೆಸ್ಟರ್ ಗುಡ್ಡ ಹತ್ತಿದ್ದರೆ ಪಕ್ಕದಲ್ಲಿ ಡಾರ್ಕಸ್. ಎರಡು ಚಳಿಗಾಲದ ಹಿಂದೆ ಡಾರ್ಕಸಳ ಎದೆ ಬಗೆದು ಹೃದಯ ರಿಪೇರಿ ಮಾಡಿದ ಮೇಲೆ, ಮನೆ ಬಾಗಿಲಿನಿಂದ ಚರ್ಚಿನ ಗೇಟು, ಗೇಟಿನಿಂದ ಹಳ್ಳ, ಹಳ್ಳದಿಂದ ಗುಡ್ಡ ಎಂದು ಮಗುವಿಗೆ ಕಲಿಸಿದಂತೆ ಮತ್ತೆ ನಡೆಯಲು ಕಲಿಸಿದ್ದು ಹೆಸ್ಟರೇ.

ಇವತ್ತು ಮಾತ್ರ ಅವಳು ಬಂದಿರಲಿಲ್ಲ. "ಅಂಗಡಿ ಬಿಟ್ಟು ಹೆಂಗೆ ಬರ್ಲಿ ಕಣೇ ಹೆಟಿ? ನೀನೂ ಕುರಿದೊಡ್ಡಿ ದಾಟಿ ಮೇಲಕ್ಕೆ ಹೋಗಬೇಡ, ಮಂಡಿ ನೋಡ್ಕೋ. ದಾರಿನೆಲ್ಲ ಗಾಳಿ ಒರೆಸಿ ಹಾಕಿರತ್ತೆ, ಅಲ್ಲೇನ್ ಸಿಗತ್ತೆ ನಿಂಗೆ?" ಎಂದು ಫ್ಲಾಸ್ಕು ಕೈಗಿತ್ತಿದ್ದಳು.

"ದೊಡ್ಡಿ ತನಕ ಅಷ್ಟೇ ಕಣೆ," ಎಂದು ಹೆಸ್ಟರ್ ಮಾತು ಕೊಟ್ಟಿದ್ದಳು. ಈಗ ಆ ಮಾತು ತಪ್ಪಬೇಕಾಗಿ ಬಂತು. ಕೇಕಿನ ಚೂರು ನೆಲ್‌ಗೆ ಹಾಕಿ, ಕೋಲು ಹಿಡಿದು ಎದ್ದಳು.

ಎದ್ದ ಹೆಜ್ಜೆಗಳ ಪಕ್ಕದಲ್ಲೇ, ಅವನ್ನು ಕೆಡಿಸದಂತೆ ಹತ್ತಿದರು. ಮೊದಲ ಎರಡು ಅರ್ಧಚಂದ್ರಗಳ ನಡುವೆ ಎಣಿಸಿದಳು. ಸರಿಯಾಗಿ ನೂರು. ಮೇಷ್ಟ್ರು! ಅವಳಿಗೆ ನಗು ಬಂತು. ಅಷ್ಟು ಸಾಕೆಂದು ಎಣಿಕೆ ಬಿಟ್ಟಳು. ಕಾಲ ಬುಡದಲ್ಲೇ ಒಂದು ಗ್ರೌಸ್ ಹಕ್ಕಿ ಹಿಮ ಸಿಡಿಸಿ ಎದ್ದು, ಹಿಂದೆ ಹೋಗು, ಹಿಂದೆ ಹೋಗು ಎಂಬಂತೆ ಗದರುತ್ತ ಹಾರಿತು.

"ಅದೂ ಎಸ್ಟೇಟಿನ ಕಡೇದೇ," ಎಂದ ಐಸಾಕ್.

* * *

ಗುಡಿಸಲ ಬಾಗಿಲ ಮುಂದೆ ರೂಪರ್ಟ್ ಗ್ಯಾಸ್ಕಿನ್ ನಿಂತಿದ್ದ. ಉತ್ತರದ ಬೇಟೆಬಂಗಲೆಯಿಂದ ಗುಡ್ಡದ ನೆತ್ತಿಯ ಮೇಲೆ ನಡೆದು ಬಂದಿದ್ದ. ಉಣ್ಣೆ ಕೋಟು, ಮಿರಿಮಿರಿ ಬೂಟು. ಒಂದು ಕೆನ್ನೆ ಸೇಬಿನಷ್ಟು ಊದಿತ್ತು.

"ಕದ್ದ ಜಾಗಕ್ಕೆ ಕಳ್ಳ ಬಂದೇ ಬರ್ತಾನೆ ಅನ್ನೋದು ಸುಳ್ಳಲ್ಲ ನೋಡಿ!" ಐಸಾಕ್ ಸಲಿಕೆ ಎತ್ತಿಯೇ ಬಿಟ್ಟ. "ಎಲ್ಲಯ್ಯಾ ನಕಾಶೆ?"

"ಸಲಿಕೆ ಇಳಿಸು ರೇನ್. ಈ ಗುಡಿಸಲು ನಮ್ಮ ಎಸ್ಟೇಟಿಂದು, ಮಾಡು ಕುಸಿದಿದೆಯಾ ಅಂತ ನೋಡೋಕೆ ಬಂದೆ. ನಕಾಶೆ ಇದ್ರೆ ಸೋಮವಾರ ತಂದು ತೋರಿಸ್ರಪ್ಪ. ಇಲ್ಲ ಅಂದ್ರೆ ಕುರಿ ಇಳಿಸಿ."

"ಮಂಗಳವಾರ ಎಲ್ಲಿದ್ರಿ ಗ್ಯಾಸ್ಕಿನ್ ಅವ್ರೇ?" ಹೆಸ್ಟರ್ ಕೇಳಿದಳು.

"ಪಟ್ಟಣದಲ್ಲಿ, ಹಲ್ಲಿನ ಡಾಕ್ಟರ್ ಹತ್ರ. ಕೆನ್ನೆ ಕಾಣ್ತಿಲ್ವಾ ಮೇಡಂ? ಇದು ಸಂತೋಷಕ್ಕೆ ಊದಿದ್ದಲ್ಲ."

"ಹಲ್ಲು ಕೀಳಿಸ್ಕಂಡು ಮಧ್ಯಾಹ್ನಕ್ಕೆ ವಾಪಸ್ ಬಂದಿರ್ಬೋದಲ್ಲ!" ಎಂದ ಐಸಾಕ್.

ಹೆಸ್ಟರ್ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು. ಊರಿನ ಗಡಿಕಲ್ಲು ಗುಡಿಸಲಿಂದ ಕಾಲು ಮೈಲಿ ದೂರ, ನಡುವೆ ಯಾರೂ ತುಳಿಯದ ಹಿಮ. "ಮೇಷ್ಟ್ರು ಆ ಕಲ್ಲು ನೋಡೋಕೆ ಬಂದದ್ದಂತೆ. ನಾನೂ ನೋಡ್ಬೇಕು. ನನಗೋ ಮಂಡಿ, ಇವನಿಗೋ ವಯಸ್ಸು. ನೀವು ಮುಂದೆ ದಾರಿ ತುಳಿದ್ರೆ ಉಪಕಾರ."

ಹೆಂಗಸು ಹಾಗೆ ಕೇಳಿದ ಮೇಲೆ ಗ್ಯಾಸ್ಕಿನ್ ಇಲ್ಲವೆನ್ನಲಿಲ್ಲ. ಕೋಟಿನ ಗುಂಡಿ ಹಾಕಿ ನುಗ್ಗಿದ. ಹಿಂದೆ ಹೆಸ್ಟರ್, ಅವಳ ಹಿಂದೆ ಮುಖ ಗಂಟಿಕ್ಕಿದ ಐಸಾಕ್, ಕೊನೆಗೆ ನೆಲ್.

ಐವತ್ತು ಹೆಜ್ಜೆ. ನೂರು. ಗ್ಯಾಸ್ಕಿನ್ ನಿಲ್ಲಲಿಲ್ಲ. ನೂರೈವತ್ತಕ್ಕೆ ಉಸಿರು ಕಮ್ಮಾರನ ತಿದಿಯಂತಾಯಿತು. ಇನ್ನೂರಕ್ಕೆ ಟೋಪಿ ತೆಗೆದ, ತಲೆಯಿಂದ ಹಬೆ ಎದ್ದಿತು. ಹಿಂದೆ ತಿರುಗಿ ನೋಡಲಿಲ್ಲ, ಪಕ್ಕಕ್ಕೆ ಸರಿಯಲಿಲ್ಲ. ಇನ್ನೂರ ಮೂವತ್ತಕ್ಕೆ, ಹಿಮ ಮುಚ್ಚಿದ ಕಾಲುವೆಗೆ ಸೊಂಟದವರೆಗೆ ಇಳಿದುಹೋದ.

"ರೇನ್!" ಎಂದು ಕೂಗಿದ.

ಐಸಾಕ್ ಅವಸರ ಮಾಡಲಿಲ್ಲ. ಹತ್ತಿರ ಹೋಗಿ, ಬಗ್ಗಿ ನೋಡಿ, "ಕೊಂಬು ಇಲ್ವಲ್ಲ, ಎಲ್ಲಿ ಹಿಡೀಲಿ?" ಎಂದ. ಆದರೂ ಕಾಲರ್ ಹಿಡಿದು ಎಳೆದು ಹಾಕಿದ್ದು ಅವನೇ. "ಹನ್ನೆರಡು," ಎಂದು ಲೆಕ್ಕಕ್ಕೂ ಸೇರಿಸಿದ.

"ಹಿಮದಲ್ಲಿ ಸರದಿ ಬದಲಾಯಿಸೋದು ಯಾರೂ ಹೇಳ್ಕೊಟ್ಟಿಲ್ವಾ ನಿಮಗೆ?" ಹೆಸ್ಟರ್ ಕೇಳಿದಳು. "ಸುಸ್ತಾದ್ರೆ ಪಕ್ಕಕ್ಕೆ ಸರೀಬೇಕು."

"ಪಕ್ಕಕ್ಕೆ? ಪಕ್ಕದಲ್ಲಿ ಇನ್ನೂ ಆಳ ಇರತ್ತಲ್ರೀ!" ಗ್ಯಾಸ್ಕಿನ್ ಬೂಟಿನಿಂದ ಹಿಮ ಸುರಿಯುತ್ತ ಹೇಳಿದ. ಹೇಳಿದ ರೀತಿಗೆ ತನಗೇ ನಗು ಬಂದು, ಊದಿದ ಕೆನ್ನೆ ಹಿಡಿದುಕೊಂಡ.

"ಇವರಲ್ಲ ಐಸಾಕ್."

"ನಾಟಕ ಆಡಿರ್ಬೋದು."

"ಸೊಂಟದ ತನಕನಾ?"

ಐಸಾಕನ ಮುಖ ಇಳಿಯಿತು. "ಇವನೇ ಆಗಿದ್ರೆ ಎಷ್ಟು ಚೆನ್ನಾಗಿರೋದು!"

ಗಡಿಕಲ್ಲಿನ ಆಸೆ ಬಿಟ್ಟು ಗುಡಿಸಲಿಗೆ ಹಿಂದಿರುಗಿದರು. ಹೆಸ್ಟರ್ ಅರ್ಧಚಂದ್ರಗಳ ವಿಷಯ ವಿವರಿಸಿದಾಗ ಗ್ಯಾಸ್ಕಿನ್ ಗಮನವಿಟ್ಟು ಕೇಳಿ, ಒಂದು ಮಾತು ಹೇಳಿದ. "ಅಭ್ಯಾಸಬಲ ಇರಬಹುದಲ್ಲ ಮೇಡಂ? ನಿಮ್ಮ ಮೇಷ್ಟ್ರು ಅಷ್ಟು ವರ್ಷದಿಂದ ನೂರಕ್ಕೆ ಸರಿದು ಸರಿದು, ಒಬ್ರೇ ಇದ್ದಾಗಲೂ ಕಾಲು ತಾನಾಗೇ ಸರಿದಿರಬಹುದು."

ಹೆಸ್ಟರ್ ಥಟ್ಟನೆ ನಿಂತಳು. ಮೂವತ್ತು ವರ್ಷದ ಪೊಲೀಸ್ ಬುದ್ಧಿಗೆ ಹೊಳೆಯದ್ದು ಈ ಊದಿದ ಕೆನ್ನೆಗೆ ಹೊಳೆದಿತ್ತು. ನಿಜ. ಒಬ್ಬಳೇ ನಡೆವಾಗ ಅವಳ ಕಾಲೂ ಎಷ್ಟೋ ಸಲ ಹಾಗೆ ಮಾಡಿತ್ತು, ಹಿಂದೆ ಯಾರೂ ಇಲ್ಲದಿದ್ದರೂ.

"ಒಳಗೆ ಕೂತು ಚಹಾ ಕುಡೀರಿ ಇಬ್ರೂ," ಎಂದು ಫ್ಲಾಸ್ಕು ಐಸಾಕನ ಕೈಗಿಟ್ಟಳು. "ಜಗಳ ಆಡ್ಬೇಡಿ. ಒಂದೇ ಲೋಟ ಇದೆ, ಸರದಿ ಮೇಲೆ."

"ಇವನ ಎಂಜಲು ಲೋಟ..."

"ಐಸಾಕ್!"

"ಆಯ್ತು ಸಾರ್ಜೆಂಟಮ್ಮ."

* * *

ಒಬ್ಬ ಮನುಷ್ಯನಿಗೆ ಒಂದು ಎಣಿಕೆ. ಅಭ್ಯಾಸಬಲವಾದರೆ ಎಲ್ಲವೂ ನೂರಿರಬೇಕು. ಹೆಸ್ಟರ್ ಎದ್ದ ಹೆಜ್ಜೆಗಳ ಗುಂಟ ಕೆಳಕ್ಕೆ, ಎಣಿಸುತ್ತ ಹೊರಟಳು. ಬಿಸಿಲು ನೆತ್ತಿಗೆ ಬಂದಿತ್ತು. ಹೆಜ್ಜೆಗಳ ಅಂಚು ಮೆಲ್ಲಗೆ ಮೆತ್ತಗಾಗುತ್ತಿತ್ತು. ನಾಳೆ ಈ ಸಾಕ್ಷಿ ನೀರು. ಹಿಂದಿನಿಂದ ಗುಡಿಸಲೊಳಗೆ ಯಾರೋ ನಕ್ಕದ್ದು ಕೇಳಿಸಿತು, ಗ್ಯಾಸ್ಕಿನ್ ಇರಬೇಕು. ಆಮೇಲೆ ಐಸಾಕನೂ. ಅವಳ ಎದೆ ಹಗುರವಾಯಿತು. ಇಷ್ಟು ಒಳ್ಳೆಯ ದಿನ ಕಂಡು ಎಷ್ಟು ಕಾಲವಾಗಿತ್ತು!

ಮೊದಲ ಅರ್ಧಚಂದ್ರದಿಂದ ಎರಡನೆಯದಕ್ಕೆ ನೂರು.

ಎರಡರಿಂದ ಮೂರಕ್ಕೆ ಎಂಬತ್ತು.

ತಪ್ಪಿರಬೇಕು. ಹಿಂದಕ್ಕೆ ಹೋಗಿ, ಒಂದೊಂದು ಹೆಜ್ಜೆಗೂ ಕೋಲು ಮುಟ್ಟಿಸಿ ಮತ್ತೆ ಎಣಿಸಿದಳು. ಎಂಬತ್ತು.

ಮೂರರಿಂದ ನಾಲ್ಕಕ್ಕೆ ನೂರು. ನಾಲ್ಕರಿಂದ ಐದಕ್ಕೆ ಎಂಬತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಇಬ್ಬರು. ನೂರಕ್ಕೆ ಸರಿಯುವವರು ಒಬ್ಬರು, ಎಂಬತ್ತಕ್ಕೆ ಸರಿಯುವವರು ಒಬ್ಬರು. ಗ್ಯಾಸ್ಕಿನ್‌ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಕೂಗಿ ಹೇಳಬೇಕೆಂದು ಬಾಯಿ ತೆರೆದವಳು ತೆರೆದ ಹಾಗೆಯೇ ನಿಂತಳು. ಸಂಘದಲ್ಲಿ ಎಂಬತ್ತಕ್ಕೆ ಸರಿಯುವವರು ಒಬ್ಬರೇ. ಆ ಎಣಿಕೆ ಹುಟ್ಟಿದ್ದು ಎರಡು ಚಳಿಗಾಲದ ಹಿಂದೆ, ಚರ್ಚಿನ ಗೇಟಿನ ಹತ್ತಿರ. ಹುಟ್ಟಿಸಿದವಳು ಅವಳೇ. "ನೂರು ಅಂತ ಹಟ ಮಾಡ್ಬೇಡ ಕಣೆ. ಎಂಬತ್ತಕ್ಕೆ ಸರಿ. ನಿನ್ನ ಹೊಸ ಹೃದಯ, ನನ್ನ ಲೆಕ್ಕ."

ಬಿಸಿಲು ಹಾಗೆಯೇ ಇತ್ತು. ಬಾಯಲ್ಲಿ ಕೇಕಿನ ಸಿಹಿ ಹಾಗೆಯೇ ಇತ್ತು.

ಗುಡಿಸಲಿಗೆ ಹೇಗೆ ಹತ್ತಿ ಬಂದಳೋ ನೆನಪಿಲ್ಲ. ಬಾಗಿಲಲ್ಲಿ ಐಸಾಕ್ ಕಣ್ಣಿಗೆ ಕೈ ಅಡ್ಡ ಹಿಡಿದು ಪಶ್ಚಿಮಕ್ಕೆ ನೋಡುತ್ತಿದ್ದ. "ಏನಾಯ್ತು, ಸಿಕ್ತಾ ಲೆಕ್ಕ? ಅಲ್ನೋಡಿ, ನಮಗೆ ಊಟ ಬರ್ತಾ ಐತೆ!"

ರಕ್ಷಣಾ ತಂಡ ತುಳಿದಿದ್ದ ಗಾಡಿದಾರಿಯನ್ನು ಗಾಳಿ ಮತ್ತೆ ಮುಚ್ಚಿತ್ತು. ಆ ಹೊಸ ಹಿಮದಲ್ಲಿ, ತಗ್ಗಿಸಿದ ತಲೆಗೆ ಕೆಂಪು ಟೋಪಿ ಹಾಕಿ ಒಬ್ಬಳೇ ಹೆಂಗಸು ಹತ್ತುತ್ತಿದ್ದಳು. ಕೆಳಗೆ ದೊಡ್ಡಿಯ ಹತ್ತಿರ ಹೆಸ್ಟರ್ ಕುರಿ ತೆಗೆಯುತ್ತಿದ್ದಾಳೆ, ಮೇಲೆ ಗುಡಿಸಲು ಖಾಲಿ ಎಂದು ನಂಬಿದವಳ ನಡಿಗೆ. ನೆಲ್ ಪರಿಚಯದ ಸಂತೋಷಕ್ಕೆ ಬೊಗಳುತ್ತ ಅತ್ತ ಓಡಿತು.

"ಡಾರ್ಕಸಮ್ಮ ಬಿಸಿ ಸೂಪೇ ತಂದಿರ್ಬೇಕು," ಎಂದ ಐಸಾಕ್. "ಏನ್ ತಾಯಿ ಕರುಳಪ್ಪ ಅದು!"

ಬೇಡ ಬೇಡವೆಂದರೂ ಹೆಸ್ಟರಳ ಮನಸ್ಸು ಎಣಿಸುತ್ತಿತ್ತು. ಎಪ್ಪತ್ತೆಂಟು. ಎಪ್ಪತ್ತೊಂಬತ್ತು.

ಕೆಂಪು ಟೋಪಿ ಪಕ್ಕಕ್ಕೆ ಸರಿದು ನಿಂತಿತು. ಹಿಂದೆ ಯಾರೂ ಇರಲಿಲ್ಲ. ಇಲ್ಲದವರಿಗೆ ದಾರಿ ಬಿಟ್ಟು, ಡಾರ್ಕಸ್ ಉಸಿರು ತೆಗೆದುಕೊಂಡು, ಓಡಿಬರುವ ನಾಯಿಯ ಸದ್ದಿಗೆ ತಲೆ ಎತ್ತಿದಳು. ಗುಡಿಸಲ ಬಾಗಿಲಲ್ಲಿ ನಿಂತ ಮೂವರನ್ನು ಕಂಡಳು.

ಅವಳ ಕೈ ಮೆಲ್ಲಗೆ ಬೆನ್ನ ಹಿಂದಕ್ಕೆ ಹೋಯಿತು. ಅಲ್ಲಿ, ಕೋಟಿನ ಮೇಲೆ ಓರೆಯಾಗಿ, ಮೇಷ್ಟ್ರ ಚರ್ಮದ ಕೊಳವೆ ತೂಗುತ್ತಿತ್ತು.